ಅವನನ್ನು ಮದುವೆಯಾದರೆ ಅವನ ಕುಲವನ್ನೂ ಮದುವೆಯಾದಂತೆ: ಸ್ಕಾಟ್ಲೆಂಡಿನ ಪ್ರೇಮಕಾದಂಬರಿಗಳು ಏಕೆ ಕೈಬಿಡುವುದಿಲ್ಲ?

ಮಲೆನಾಡಿನ ಓದುಗಿ

ಈ ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟ್ ಇದ್ದ ದಿನಗಳಿಗಿಂತ ಇಲ್ಲದ ದಿನಗಳೇ ಹೆಚ್ಚು. ಪೇಟೆಗೆ ಹೋದಾಗಲೆಲ್ಲ ಮೊಬೈಲ್ ಚಾರ್ಜ್ ಮಾಡಿಸಿಕೊಂಡು ಬಂದು, ರಾತ್ರಿ ಕಂಬಳಿಯೊಳಗೆ ಮುದುಡಿ ಓದಿದ್ದು ಒಂಬತ್ತು ಕಾದಂಬರಿ. ಒಂಬತ್ತೂ ಸ್ಕಾಟ್ಲೆಂಡಿನ ಗುಡ್ಡಗಾಡಿನ, ಅಂದರೆ ಹೈಲ್ಯಾಂಡ್ಸ್‌ನ ಕುಲಗಳ ಪ್ರೇಮಕಥೆಗಳು. ಕಾಲ ಬೇರೆ, ಮನೆತನ ಬೇರೆ, ಹೂರಣ ಮಾತ್ರ ಹೆಚ್ಚುಕಡಿಮೆ ಒಂದೇ. ಎರಡು ಕುಲಗಳ ನಡುವೆ ಹಗೆ, ಅದನ್ನು ಮುಗಿಸಲು ಒಂದು ಮದುವೆ, ಹೊರಗಿನಿಂದ ಬಂದ ಹೆಣ್ಣು, ಮಾತು ಕಡಿಮೆಯ ಒಡೆಯ. ಇಷ್ಟೆಲ್ಲ ಮೊದಲೇ ಗೊತ್ತಿದ್ದರೂ ಹತ್ತನೆಯದಕ್ಕೆ ಕೈ ಹೋಗುತ್ತದೆ. ಏಕೆ ಎಂದು ನನ್ನನ್ನೇ ಕೇಳಿಕೊಂಡೆ. ತೋಚಿದ್ದನ್ನು ಇಲ್ಲಿ ಇಡುತ್ತೇನೆ, ನೀವೂ ಹೇಳಿ.

ರಕ್ಷಾಪುಟದ ಮೇಲಿನ ಬರಿಮೈಯ ವೀರ ನನಗೆ ಮುಖ್ಯನಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯದೋ ಮೂರನೆಯದೋ ಅಧ್ಯಾಯದಲ್ಲಿ ಬಂದೇ ಬರುವ ಒಂದು ದೃಶ್ಯ. ಮದುವೆಯಾಗಿ ಬಂದವಳು ಕಲ್ಲಿನ ಮನೆಯ ದೊಡ್ಡ ಹಜಾರದ ಬಾಗಿಲಲ್ಲಿ ನಿಂತಿದ್ದಾಳೆ. ದಾರಿಯುದ್ದಕ್ಕೂ ನೆನೆದ ಬಟ್ಟೆಯ ಅಂಚು ಕೆಸರಾಗಿದೆ. ಒಳಗೆ ನಲವತ್ತು ಐವತ್ತು ಜನ. ಅಡುಗೆಯವಳು, ಕುದುರೆ ನೋಡಿಕೊಳ್ಳುವವನು, ಒಡೆಯನ ಚಿಕ್ಕಪ್ಪ, ಹಿಂದಿನ ವರ್ಷದ ಕಾಳಗದಲ್ಲಿ ಮಗನನ್ನು ಕಳೆದುಕೊಂಡ ಮುದುಕಿ. ಎಲ್ಲರ ಕಣ್ಣೂ ಅವಳ ಮೇಲೆ. ಅವರಾಡುವ ಗೇಲಿಕ್ ಅವಳಿಗೆ ಬಾರದು. ತಾಳಿ ಕಟ್ಟದಿದ್ದರೂ ಗಂಡ ಗಂಡನೇ, ಪಕ್ಕದಲ್ಲೇ ಇದ್ದಾನೆ. ಆದರೆ ಆ ಹೊತ್ತಿನಲ್ಲಿ ಅವನು ಅವಳವನಲ್ಲ, ಅವರವನು. ಸೇರಕ್ಕಿ ಒದ್ದು ಹೊಸ್ತಿಲು ದಾಟಿದ ನಮ್ಮಂಥವರಿಗೆ ಆ ನಿಮಿಷವನ್ನು ಯಾರೂ ವಿವರಿಸಬೇಕಾಗಿಲ್ಲ.

ಪಟ್ಟಣದ ಪ್ರೇಮಕಥೆಗಳಲ್ಲಿ ಇಬ್ಬರು ಒಪ್ಪಿದರೆ ಮುಗಿಯಿತು. ಇಲ್ಲಿ ಇಬ್ಬರು ಒಪ್ಪಿದ ಮೇಲೆಯೇ ನಿಜವಾದ ಕಥೆ ಶುರು. ಆ ಮುದುಕಿ ಯಾವತ್ತು ಅವಳ ಕೈಯಿಂದ ಗಂಜಿ ಇಸಿದುಕೊಂಡು ಕುಡಿಯುತ್ತಾಳೆ ಎಂದು ಕಾಯುತ್ತೇನೆ. ಮುತ್ತಿಗಿಂತ ಆ ಗಂಜಿಗಾಗಿ ನಾನು ಪುಟ ತಿರುಗಿಸುತ್ತೇನೆ.

ಕರಾವಳಿಯ ಓದುಗ

ಗಂಡಸರೂ ಓದುತ್ತೇವೆ ಮೇಡಂ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನನ್ನ ಅಕ್ಕ ಬಾಡಿಗೆಗೆ ತರುತ್ತಿದ್ದ ಪುಸ್ತಕಗಳಿಂದ ನನಗೆ ಈ ಗೀಳು ಹತ್ತಿತು. ಅವಳು ರಕ್ಷಾಪುಟ ಕಾಣದಂತೆ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿಡುತ್ತಿದ್ದಳು. ನಾನು ಊಟದ ಸಮಯದಲ್ಲಿ ಕದ್ದು ಓದುತ್ತಿದ್ದೆ. ನನಗೆ ಇಷ್ಟವಾಗುವುದು ಹವೆ. ಕಡಲು ಒಳನಾಡಿನವರೆಗೆ ಚಾಚಿಕೊಂಡ ಲಾಕ್‌ಗಳು, ಕಣಿವೆಯ ಮಂಜು, ಕೆರೆಯಷ್ಟು ಕಪ್ಪಾದ ಕೆಸರುಭೂಮಿ. ಅಲ್ಲಿ ಮಳೆ ಬರಿಯ ಹಿನ್ನೆಲೆಯಲ್ಲ, ಪಾತ್ರಗಳನ್ನು ಒಂದೇ ಸೂರಿನಡಿ ಕೂಡಿಹಾಕುವುದೇ ಮಳೆ.

ನಿವೃತ್ತ ಇತಿಹಾಸ ಮೇಷ್ಟ್ರು

ಓದುಗಿಯವರ ಮಾತು ಸರಿಯಾದ ಜಾಗಕ್ಕೆ ತಗಲಿದೆ. ಇತಿಹಾಸವೂ ಅದಕ್ಕೆ ಸಾಕ್ಷಿ ಹೇಳುತ್ತದೆ.

ಗೇಲಿಕ್ ಭಾಷೆಯಲ್ಲಿ ‘ಕ್ಲಾನ್’ ಎಂದರೆ ಮಕ್ಕಳು. ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ಗೇಲಿಕ್‌ನಲ್ಲಿ ಹೆಣ್ಣಿನ ಹೆಸರಿಗೆ ‘ಮ್ಯಾಕ್’ ಬದಲು ಮಗಳು ಎಂಬ ಅರ್ಥದ ‘ನಿಕ್’ ಸೇರುತ್ತದೆ. ಹಾಗೆಂದು ಒಂದು ಕುಲದವರೆಲ್ಲ ಒಬ್ಬನೇ ಮೂಲಪುರುಷನ ರಕ್ತ ಎಂದೇನೂ ಇರಲಿಲ್ಲ. ಒಡೆಯನ ನೆರಳಿಗೆ ಬಂದ ಒಕ್ಕಲುಗಳು, ಆಸರೆ ಬೇಡಿದ ಸಣ್ಣ ಮನೆತನಗಳು ಅವನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದವು. ದೊಡ್ಡ ಮನೆಯ ಮಗುವನ್ನು ಬೇರೆ ಮನೆಯಲ್ಲಿ ಸಾಕಲು ಬಿಡುವ ಪದ್ಧತಿಯಿತ್ತು. ಒಟ್ಟಿಗೆ ಬೆಳೆದ ಸಾಕು ಅಣ್ಣತಮ್ಮಂದಿರ ನಂಟು ಒಡಹುಟ್ಟಿದವರ ನಂಟಿಗಿಂತ ಗಟ್ಟಿ ಎನ್ನುತ್ತಿದ್ದರು. ನೀವು ಓದುವ ಕಾದಂಬರಿಗಳಲ್ಲಿ ನಾಯಕನ ಬೆನ್ನಿಗೆ ಸದಾ ಒಬ್ಬ ಗೆಳೆಯ ಇರುತ್ತಾನಲ್ಲ, ಅವನ ಬೇರು ಇಲ್ಲಿದೆ.

ಇನ್ನೊಂದು ಪದ ತಿಳಿದಿರಲಿ: ದೂಹ್ಖಸ್. ಕಾಗದಪತ್ರ ಒಡೆಯನ ಹೆಸರಿನಲ್ಲಿದ್ದರೂ ತಲೆತಲಾಂತರದಿಂದ ಬಾಳಿದ ನೆಲದಲ್ಲಿ ಇರುವ ಹಕ್ಕು ಕುಲದ ಎಲ್ಲರದೂ ಎಂಬ ನಂಬಿಕೆ ಅದು. ಕಾನೂನಿನ ಒಡೆತನಕ್ಕೆ ಬೇರೆಯೇ ಪದವಿತ್ತು. ಈ ಎರಡರ ನಡುವಿನ ಬಿರುಕು ಹೈಲ್ಯಾಂಡ್ಸ್ ಅನ್ನು ಮುಂದೆ ಹೇಗೆ ನುಂಗಿತು ಎಂಬುದನ್ನು ಆಮೇಲೆ ಬರೆಯುತ್ತೇನೆ.

ಒಂದು ತಕರಾರು ಮಾತ್ರ ಈಗಲೇ ಹೇಳಿಬಿಡುತ್ತೇನೆ. 1300ರಲ್ಲಿ ನಡೆಯುವ ಕಥೆಗೆ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ತೊಡುವ ನೆರಿಗೆಯ ಲಂಗ, ತೊಡಿಸಬಾರದು. ಮೈಗೆ ಸುತ್ತಿ ನಡುವಿಗೆ ಪಟ್ಟಿ ಬಿಗಿಯುವ ಉದ್ದನೆಯ ಪ್ಲೇಡ್ ಕಾಣಿಸಿಕೊಂಡಿದ್ದು 16ನೆಯ ಶತಮಾನದ ಕೊನೆಯಲ್ಲಿ. ಇಂದು ನಾವು ನೋಡುವ ಗಿಡ್ಡ ಕಿಲ್ಟ್ 18ನೆಯ ಶತಮಾನದ್ದು. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಚೌಕಳಿ ಎಂಬುದು ಹೆಚ್ಚಾಗಿ 19ನೆಯ ಶತಮಾನದ ಏರ್ಪಾಡು. ಎದುರಾಳಿಯ ಚೌಕಳಿ ನೋಡಿ ಕುಲ ಗುರುತಿಸುವ ದೃಶ್ಯ ಬಂದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಹುಬ್ಬಳ್ಳಿಯ ಓದುಗಿ

ಮೇಷ್ಟ್ರೇ, ಬಟ್ಟೆಯ ತಪ್ಪನ್ನು ನಾನು ಕ್ಷಮಿಸುತ್ತೇನೆ. ನಾನು ಕ್ಷಮಿಸಲಾರದ್ದು ಹೊತ್ತೊಯ್ದ ಹೆಣ್ಣಿನ ಕಥೆ. ಈ ಕಾದಂಬರಿಗಳಲ್ಲಿ ಎಷ್ಟೋ ಸಲ ನಾಯಕ ಅವಳನ್ನು ಕುದುರೆಯ ಮೇಲೆ ಎತ್ತಿ ಹಾಕಿಕೊಂಡು ಹೋಗುತ್ತಾನೆ. ನೂರು ಪುಟ ಕಳೆಯುವಷ್ಟರಲ್ಲಿ ಅವಳು ಅವನನ್ನೇ ಪ್ರೀತಿಸುತ್ತಾಳೆ.

ನಿಜವಾಗಿ ನಡೆದದ್ದು ಹೇಗಿತ್ತು ಗೊತ್ತೇ? 1697ರಲ್ಲಿ ಸೈಮನ್ ಫ್ರೇಸರ್ ಎಂಬಾತ ಲೊವಾಟ್ ಮನೆತನದ ಒಡೆತನ ತನ್ನ ಕೈಗೆ ಬರಲೆಂದು ಆ ಮನೆಯ ವಿಧವೆಯನ್ನು ಬಲವಂತದಿಂದ ಮದುವೆಯಾದ. ಅವಳ ಕೂಗು ಹೊರಗೆ ಕೇಳದಿರಲೆಂದು ಬ್ಯಾಗ್‌ಪೈಪ್ ಊದಿಸಿದರು ಎಂದು ಹೇಳುತ್ತಾರೆ. ಆ ಪೈಪಿನ ಸದ್ದನ್ನು ಓದಿದ ದಿನ ನಾನು ಅನ್ನ ಬಿಟ್ಟು ಎದ್ದೆ. ಅದೇ ಮನುಷ್ಯ ಮುಂದೆ ಲಾರ್ಡ್ ಲೊವಾಟ್ ಆಗಿ ಮೆರೆದ. ಕೊನೆಗೆ 1747ರಲ್ಲಿ ರಾಜದ್ರೋಹಕ್ಕಾಗಿ ಲಂಡನ್ನಿನಲ್ಲಿ ಅವನ ತಲೆ ಕಡಿದರು. ಆ ಹೆಣ್ಣಿಗಾಗಿ ಅಲ್ಲ.

ಪ್ರೀತಿಯ ಕಥೆ ಬರೆಯುವವರು ಆ ಕೂಗನ್ನು ನೆನಪಿಟ್ಟುಕೊಳ್ಳಬೇಕು ಎಂದಷ್ಟೇ ನನ್ನ ಒತ್ತಾಯ.

ಮಲೆನಾಡಿನ ಓದುಗಿ

ಅಕ್ಕಾ, ನಿಮ್ಮ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ಒಂಬತ್ತರಲ್ಲಿ ಎರಡನ್ನು ನಾನೂ ಅರ್ಧಕ್ಕೆ ಬಿಟ್ಟೆ, ಕಾರಣ ಇದೇ. ಇಪ್ಪತ್ತು ವರ್ಷ ಹಿಂದೆ ಬಿಡುತ್ತಿದ್ದೆನೋ ಇಲ್ಲವೋ. ಆಗ ಓದಿದವುಗಳಲ್ಲಿ ಎಷ್ಟನ್ನು ಪ್ರೀತಿ ಎಂದು ನಂಬಿದ್ದೆ ಎಂದು ನೆನೆದರೆ ಸಂಕಟವಾಗುತ್ತದೆ.

ಆದರೆ ಅದೇ ನೆಲದಲ್ಲಿ ಇನ್ನೊಂದು ಬಗೆಯ ಮದುವೆಯೂ ಇತ್ತು. ಆ್ಯನ್ ಮ್ಯಾಕಿಂಟಾಶ್ ಎಂಬವಳ ಗಂಡ ಮ್ಯಾಕಿಂಟಾಶ್ ಕುಲದ ಒಡೆಯ, ದೊರೆ ಜಾರ್ಜನ ಸೇನೆಯಲ್ಲಿ ಕ್ಯಾಪ್ಟನ್. 1745ರಲ್ಲಿ ಸ್ಟುವರ್ಟ್ ವಂಶದ ಚಾರ್ಲ್ಸ್ ಸಿಂಹಾಸನ ಕೇಳಿಕೊಂಡು ಬಂದಾಗ ಗಂಡ ಸರ್ಕಾರದ ಕಡೆಗೇ ಉಳಿದ. ಇಪ್ಪತ್ತರ ಆಚೀಚೆಯ ಈ ಹೆಂಡತಿ ಕುಲದ ಗಂಡಸರನ್ನು ಕೂಡಿಸಿ ಚಾರ್ಲ್ಸ್‌ನ ಕಡೆಗೆ ಕಳುಹಿಸಿದಳು. ಜನ ಅವಳನ್ನು ‘ಕರ್ನಲ್ ಆ್ಯನ್’ ಎಂದು ಕರೆದರು. 1746ರ ಫೆಬ್ರವರಿಯಲ್ಲಿ ಚಾರ್ಲ್ಸ್ ಅವಳ ಮನೆಯಲ್ಲಿ ತಂಗಿದ್ದಾಗ ಅವನನ್ನು ಹಿಡಿಯಲು ರಾತ್ರೋರಾತ್ರಿ ಸರ್ಕಾರಿ ಪಡೆ ಬಂತು. ಊರಿನ ಕಮ್ಮಾರ ಬೆರಳೆಣಿಕೆಯ ಜನರೊಂದಿಗೆ ಕತ್ತಲಲ್ಲಿ ಅಡಗಿ, ಗುಂಡು ಹಾರಿಸಿ, ಇಡೀ ಕುಲಗಳನ್ನೇ ಹೆಸರು ಹಿಡಿದು ಕೂಗಿ ಕರೆದ. ದೊಡ್ಡ ಸೈನ್ಯವೇ ಮೇಲೆ ಬೀಳುತ್ತಿದೆ ಎಂದುಕೊಂಡು ಬಂದವರು ಓಡಿದರು.

ಮುಂದೆ ಗಂಡನೇ ಅವಳ ಕಡೆಯವರಿಗೆ ಸೆರೆ ಸಿಕ್ಕ. ಅವನನ್ನು ಅವಳ ವಶಕ್ಕೇ ಒಪ್ಪಿಸಿದರಂತೆ. ಅವಳು ‘ನಮಸ್ಕಾರ, ಕ್ಯಾಪ್ಟನ್’ ಎಂದಳಂತೆ, ಅವನು ‘ನಮಸ್ಕಾರ, ಕರ್ನಲ್’ ಎಂದನಂತೆ. ಇದು ಜನರ ಬಾಯಲ್ಲಿ ಉಳಿದ ಮಾತು. ಒಂದು ಮದುವೆಯೊಳಗಿನ ಪ್ರೀತಿ, ಜಗಳ, ಮರ್ಯಾದೆ ಎಲ್ಲವೂ ಆ ಎರಡು ಸಾಲಿನಲ್ಲಿ ಇವೆ. ನನಗೆ ಬೇಕಾದ ನಾಯಕಿ ಇವಳು.

ಕರಾವಳಿಯ ಓದುಗ

ಕೈಗೆ ಕೈ ಕಟ್ಟಿ ಒಂದು ವರ್ಷ ಒಂದು ದಿನದ ಮಟ್ಟಿಗೆ ಮದುವೆಯಾಗುವುದನ್ನು ಬಹಳ ಕಡೆ ಓದಿದ್ದೇನೆ. ಅದು ನಿಜವೇ ಮೇಷ್ಟ್ರೇ?

ನಿವೃತ್ತ ಇತಿಹಾಸ ಮೇಷ್ಟ್ರು

ಅವಧಿಯ ಮದುವೆ ಎಂಬುದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಕೈ ಹಿಡಿಸುವುದು ನಿಶ್ಚಿತಾರ್ಥದ ಶಾಸ್ತ್ರ. ಆದರೆ ಕಾದಂಬರಿಗೆ ಒದಗುವಂಥ ಸಂಗತಿ ಕಾನೂನಿನಲ್ಲೇ ಇತ್ತು. ಸ್ಕಾಟ್ಲೆಂಡಿನಲ್ಲಿ ಗಂಡೂ ಹೆಣ್ಣೂ ಸಾಕ್ಷಿಗಳ ಮುಂದೆ ‘ನಾವು ಗಂಡ ಹೆಂಡತಿ’ ಎಂದು ಬಾಯಿಬಿಟ್ಟು ಹೇಳಿದರೆ ಮದುವೆ ಊರ್ಜಿತವಾಗುತ್ತಿತ್ತು, ಪುರೋಹಿತ ಬೇಕಿರಲಿಲ್ಲ. 1754ರಿಂದ ಇಂಗ್ಲೆಂಡಿನಲ್ಲಿ ಕಟ್ಟುನಿಟ್ಟು ಬಂದಾಗ ಅಲ್ಲಿನ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಿ ಬರತೊಡಗಿದ್ದು ಇದರಿಂದಲೇ. ಈ ಅವಕಾಶ 1940ರವರೆಗೂ ಉಳಿದಿತ್ತು. ಮದುವೆಯಾದ ಮೇಲೂ ಅಲ್ಲಿನ ಹೆಣ್ಣುಮಕ್ಕಳು ಕಾಗದಪತ್ರಗಳಲ್ಲಿ ತವರಿನ ಹೆಸರನ್ನು ಉಳಿಸಿಕೊಳ್ಳುತ್ತಿದ್ದರು. ಎರಡು ಕುಲಗಳ ನಡುವೆ ಸಿಕ್ಕಿಕೊಂಡ ಹೆಣ್ಣಿನ ಕಥೆಗೆ ಇದಕ್ಕಿಂತ ಒಳ್ಳೆಯ ಎಳೆ ಬೇಕೇ? ಬರೆಯುವವರು ಇದನ್ನು ಬಳಸುವುದೇ ಕಡಿಮೆ.

ಗ್ಲಾಸ್ಗೋ ಕನ್ನಡಿಗ

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಕಾದಂಬರಿ ಓದುವವಳು ನನ್ನ ಹೆಂಡತಿ. ಅವಳ ಒತ್ತಾಯಕ್ಕೆ ಇನ್ವರ್ನೆಸ್ ಹತ್ತಿರದ ಕಲ್ಲೊಡೆನ್ ಬಯಲಿಗೆ ಹೋದೆ. ಅಲ್ಲಿ ನಿಂತ ಮೇಲೆ ನಾನೂ ಓದಲು ಹಿಡಿದೆ.

1746ರ ಏಪ್ರಿಲ್ 16. ರಾತ್ರಿಯಿಡೀ ನಡೆದು, ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ ಬಂದಿದ್ದ ಕುಲಗಳ ಜನ ಸರ್ಕಾರಿ ಫಿರಂಗಿಗಳ ಎದುರು ಈ ಜವುಗಿನಲ್ಲಿ ನಿಂತರು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಚಾರ್ಲ್ಸ್‌ನ ಕಡೆ ಸತ್ತವರು ಸುಮಾರು 1,500. ಬಿದ್ದ ಗಾಯಾಳುಗಳನ್ನೂ ಬಿಡಲಿಲ್ಲ. ಈಗ ಅಲ್ಲಿ ಹೀದರ್ ಪೊದೆಗಳು, ಸಣ್ಣ ಹುಲ್ಲು, ನಡುವೆ ಮೊಣಕಾಲೆತ್ತರದ ಒರಟು ಕಲ್ಲುಗಳು. 1881ರಲ್ಲಿ ನೆಟ್ಟವು. ಒಂದೊಂದರ ಮೇಲೆ ಒಂದೊಂದು ಕುಲದ ಹೆಸರು. ಒಂದು ಕಲ್ಲಿನ ಮೇಲೆ ‘ಬೆರೆತ ಕುಲಗಳು’ ಎಂದಷ್ಟೇ ಇದೆ. ಯಾರು ಯಾರೆಂದು ತಿಳಿಯದವರನ್ನು ಒಟ್ಟಿಗೆ ಹೂಳಿದ ಜಾಗ. ಫ್ರೇಸರ್ ಕುಲದ ಕಲ್ಲಿನ ಬಳಿ ಓದುಗರ ಕಾಲ್ತುಳಿತಕ್ಕೆ ಹುಲ್ಲೇ ಸವೆದುಹೋಗಿತ್ತು. ಕಲ್ಪನೆಯ ನಾಯಕನೊಬ್ಬನಿಗಾಗಿ ಬಂದವರು ಅಲ್ಲಿ ನಿಜವಾಗಿ ಸತ್ತವರ ಮುಂದೆ ಹೂವಿಟ್ಟು ಹೋಗುತ್ತಾರೆ. ನನ್ನ ಹೆಂಡತಿ ಹೂವನ್ನು ‘ಬೆರೆತ ಕುಲಗಳ’ ಮುಂದೆ ಇಟ್ಟಳು.

ಆ ದಿನದ ನಂತರ, ಕಾದಂಬರಿಯ ಮೊದಲ ಪುಟದಲ್ಲಿ 1743 ಎಂದು ಕಂಡರೆ ಸಾಕು, ನನ್ನ ಎದೆ ಕುಸಿಯುತ್ತದೆ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಇನ್ನು ಮೂರೇ ವರ್ಷ. ಅವರು ಹುಲ್ಲುಗಾವಲಿನ ಗುಡಿಸಲಿನಲ್ಲಿ ಕೂತು ಬರುವ ಸುಗ್ಗಿಯ ಮಾತಾಡುತ್ತಿರುತ್ತಾರೆ. ಈ ಕಥೆಗಳ ಪ್ರೀತಿ ಅಷ್ಟು ತೀವ್ರವಾಗಿ ಕಾಣುವುದು ಅದರ ಬೆನ್ನಿಗೆ ಈ ತಾರೀಖು ನಿಂತಿರುವುದರಿಂದ. ಪ್ರೇಮಿಗಳು ಉಳಿದುಕೊಂಡರೂ ಅವರ ಲೋಕ ಉಳಿಯುವುದಿಲ್ಲ.

ಗ್ಲೆಂಕೋ ಕಣಿವೆಯಲ್ಲೂ ಹೀಗೆಯೇ ಅನಿಸಿತು. 1692ರ ಫೆಬ್ರವರಿಯಲ್ಲಿ ಅಲ್ಲಿನ ಮ್ಯಾಕ್‌ಡೊನಾಲ್ಡರು ಸರ್ಕಾರಿ ಸೈನಿಕರನ್ನು ಹನ್ನೆರಡು ದಿನ ಮನೆಮನೆಯಲ್ಲಿ ಇರಿಸಿಕೊಂಡು ಉಣಿಸಿದರು. 13ರ ಬೆಳಗಿನ ಜಾವ ಆ ಸೈನಿಕರೇ ಉಂಡ ಮನೆಯವರ ಮೇಲೆ ಕೈಮಾಡಿದರು. 38 ಜನ ಸತ್ತರು. ಹಿಮದಲ್ಲಿ ಬೆಟ್ಟ ಹತ್ತಿ ಓಡಿದವರಲ್ಲಿ ಎಷ್ಟೋ ಮಂದಿ ಚಳಿಗೆ ಸತ್ತರು. ಆಗಿನ ಸ್ಕಾಟ್ಲೆಂಡಿನ ಕಾನೂನಿನಲ್ಲಿ ‘ನಂಬಿಕೆಯ ನೆರಳಿನಲ್ಲಿ ಮಾಡಿದ ಕೊಲೆ’ ಎಂದು ಅದಕ್ಕೆ ಪ್ರತ್ಯೇಕ ಹೆಸರಿತ್ತು. ಅತಿಥಿಗೆ ಕೊಟ್ಟ ಮಾತು, ಬೆಂಕಿಯ ಪಕ್ಕದ ಜಾಗ, ಹಂಚಿಕೊಂಡ ರೊಟ್ಟಿ ಈ ಕಾದಂಬರಿಗಳಲ್ಲಿ ಏಕೆ ಅಷ್ಟು ಭಾರವಾಗಿ ಬರುತ್ತವೆ ಎಂಬುದು ಆ ಕಣಿವೆಯಲ್ಲಿ ನನಗೆ ಹೊಳೆಯಿತು.

ಅಂದ ಹಾಗೆ, ರಕ್ಷಾಪುಟಗಳಲ್ಲಿ ನೀವು ಕಾಣುವ ನೀರ ನಡುವಿನ ಕೋಟೆ ಐಲೀನ್ ಡೊನನ್. ಅದನ್ನು 1719ರಲ್ಲೇ ಯುದ್ಧನೌಕೆಗಳು ಹೊಡೆದುರುಳಿಸಿದ್ದವು. ಈಗಿರುವುದು 1932ರಲ್ಲಿ ಕಟ್ಟಿ ಮುಗಿಸಿದ್ದು. ಆದರೂ ಸಂಜೆ ಅಲ್ಲಿ ನಿಂತರೆ ಮನಸ್ಸು ತುಂಬುತ್ತದೆ.

ನಿವೃತ್ತ ಇತಿಹಾಸ ಮೇಷ್ಟ್ರು

ಗ್ಲಾಸ್ಗೋದವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬಾಕಿ ಉಳಿಸಿದ್ದನ್ನು ಈಗ ಹೇಳುತ್ತೇನೆ.

ಕಲ್ಲೊಡೆನ್ ನಂತರ ಬಂದ ಕಾನೂನುಗಳು ಒಡೆಯರ ನ್ಯಾಯ ಹೇಳುವ ಅಧಿಕಾರವನ್ನು ಕಿತ್ತುಕೊಂಡವು, ಆಯುಧ ಕಸಿದವು, ಗುಡ್ಡಗಾಡಿನ ಉಡುಪನ್ನು ನಿಷೇಧಿಸಿದವು. ಪ್ಲೇಡ್ ಉಟ್ಟು ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡಿಪಾರು. ನಿಷೇಧ ತೆಗೆದದ್ದು 1782ರಲ್ಲಿ. ಅಷ್ಟರಲ್ಲಿ ಒಡೆಯರು ಬರಿಯ ಜಮೀನ್ದಾರರಾಗಿದ್ದರು. ಒಕ್ಕಲುಗಳ ಗೇಣಿಗಿಂತ ಕುರಿ ಲಾಭ ತರುತ್ತಿತ್ತು. ದೂಹ್ಖಸ್ ಯಾವ ಕೋರ್ಟಿನಲ್ಲೂ ನಡೆಯಲಿಲ್ಲ.

1814ರ ಬೇಸಿಗೆಯಲ್ಲಿ ಎರಡು ಸಂಗತಿಗಳು ನಡೆದವು. ಜೂನ್ ತಿಂಗಳಲ್ಲಿ ಸದರ್ಲ್ಯಾಂಡ್ ಸಂಸ್ಥಾನದ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಪ್ಯಾಟ್ರಿಕ್ ಸೆಲ್ಲರ್ ಎಂಬ ಪಾರುಪತ್ಯಗಾರನ ಜನ ಒಕ್ಕಲುಗಳನ್ನು ಹೊರಗೆ ಹಾಕಿ ಮನೆಗಳ ಮಾಡಿನ ಮರಕ್ಕೆ ಬೆಂಕಿಯಿಟ್ಟರು. ಅವನ ಮೇಲೆ ವಿಚಾರಣೆ ನಡೆಯಿತು, 1816ರಲ್ಲಿ ಬಿಡುಗಡೆಯಾದ. ಜುಲೈ ತಿಂಗಳಲ್ಲಿ ಎಡಿನ್‌ಬರೋದಲ್ಲಿ ವಾಲ್ಟರ್ ಸ್ಕಾಟ್ ಬರೆದ ‘ವೇವರ್ಲಿ’ ಹೆಸರಿಲ್ಲದೆ ಅಚ್ಚಾಯಿತು. 1745ರ ದಂಗೆಯ ಕುಲಗಳ ಕಥೆ. ಓದುಗರು ಮುಗಿಬಿದ್ದು ಕೊಂಡರು. 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ ಅದೇ ಸ್ಕಾಟ್ ಮುಂದೆ ನಿಂತು ಊರಿಗೆ ಊರೇ ಟಾರ್ಟನ್ ಉಡುವಂತೆ ಮಾಡಿದರು. ದೊರೆಯೂ ಉಟ್ಟ.

ಒಂದೇ ಬೇಸಿಗೆಯಲ್ಲಿ ಕುಲದ ಕಥೆಗೆ ಓದುಗರು ಸಿಕ್ಕರು, ಕುಲದ ಜನರಿಗೆ ಸೂರು ಹೋಯಿತು. ಈ ಮಾತನ್ನು ನಾನು ತರಗತಿಯಲ್ಲಿ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಕಾದಂಬರಿ ಓದಬೇಡಿ ಎನ್ನುತ್ತಿಲ್ಲ, ನಾನೂ ಓದುತ್ತೇನೆ. ಮದುವೆಯ ಊಟದಲ್ಲಿ ಕಥೆ ಮುಗಿದಾಗ, ಆ ಹಜಾರದಲ್ಲಿದ್ದವರ ಮೊಮ್ಮಕ್ಕಳು ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋಗುವ ಹಡಗು ಹತ್ತಿದ್ದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಮೈಸೂರಿನ ಓದುಗ

ಹಡಗು ಹತ್ತಿದವರಲ್ಲಿ ಕೆಲವರು ನಮ್ಮ ಕಡೆಗೂ ಬಂದರು. ನಿಷೇಧದ ಆ ಕಾಲದಲ್ಲಿ ದೊರೆಯ ಹೈಲ್ಯಾಂಡ್ ಪಡೆಗಳಿಗೆ ಮಾತ್ರ ಹಳೆಯ ಉಡುಪು ತೊಡಲು ಅವಕಾಶವಿತ್ತು. ಕ್ರೊಮಾರ್ಟಿ ಅರ್ಲ್‌ನ ಮಗ, ಲಾರ್ಡ್ ಮ್ಯಾಕ್ಲಿಯಾಡ್ ಎನಿಸಿಕೊಂಡ ಜಾನ್ ಮೆಕೆಂಜಿ, ಹರೆಯದಲ್ಲಿ ಚಾರ್ಲ್ಸ್‌ನ ಕಡೆ ಹೋರಾಡಿ ಸೆರೆಯಾದವನು. ಕ್ಷಮೆ ಸಿಕ್ಕಿ, ಪರದೇಶದಲ್ಲಿ ದುಡಿದು, ಮರಳಿ ಬಂದು 1778ರ ಹೊತ್ತಿಗೆ ಅದೇ ಸರ್ಕಾರಕ್ಕಾಗಿ ಒಂದು ಪಡೆ ಕಟ್ಟಿದ. ಅದು 1780ರಲ್ಲಿ ಮದರಾಸಿಗೆ ಬಂದಿಳಿದು ಹೈದರಾಲಿಯ ವಿರುದ್ಧ ನಿಂತಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಸೋತ ಇಂಗ್ಲಿಷ್ ತುಕಡಿಯೊಳಗೆ ಅದರ ಜನ ಇದ್ದರು. ಅದೇ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಸೆರೆಯಲ್ಲಿದ್ದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಸೈನ್ಯದ ಮುಂದಾಳು ಅವನೇ.

ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಚಿಕ್ಕಂದಿನಿಂದ ನೋಡಿದ್ದೇನೆ. ಆ ಕೆಂಪು ಅಂಗಿಯವರಲ್ಲಿ ಎಷ್ಟು ಜನ ಗೇಲಿಕ್‌ನಲ್ಲಿ ಅಮ್ಮನನ್ನು ಕರೆದಿರಬಹುದು ಎಂಬ ಯೋಚನೆ ನನಗೆ ಬಂದದ್ದು ಈ ಕಾದಂಬರಿಗಳನ್ನು ಓದಿದ ಮೇಲೆ. ನೆಲ ಕಳೆದುಕೊಂಡವರು ಇನ್ನೊಬ್ಬರ ನೆಲ ಕಸಿಯಲು ಬಂದರು. ಕುಲಗಳ ಕಥೆಯನ್ನು ಇಲ್ಲಿಯವರೆಗೆ ತರುವ ಕಾದಂಬರಿಕಾರರು ಬೇಕು.

ಕೊಡಗಿನ ಓದುಗಿ

ನಮ್ಮಲ್ಲಿ ಹೆಸರಿನ ಜೊತೆ ಒಕ್ಕದ ಹೆಸರು ಇರುತ್ತದೆ, ಒಕ್ಕಕ್ಕೆ ಒಂದು ಐನ್‌ಮನೆ ಇರುತ್ತದೆ. ಹಾಗಾಗಿ ಈ ಪುಸ್ತಕಗಳಲ್ಲಿ ಎಲ್ಲರೂ ಹಿರಿಯರ ಮನೆಯಲ್ಲಿ ಸೇರುವ ಭಾಗ ನನಗೆ ಸಲೀಸು. ಓದುಗಿಯವರನ್ನು ಒಂದು ಕೇಳಬೇಕು. ಒಂದು ಕಥೆಯನ್ನು ಕನ್ನಡದಲ್ಲಿ ಬರೆಯುತ್ತೇನೆ ಎಂದು ಹಿಂದೊಮ್ಮೆ ಹೇಳಿದ್ದಿರಿ. ‘ಕ್ಲಾನ್’ ಪದವನ್ನು ಏನು ಮಾಡಿದಿರಿ?

ಮಲೆನಾಡಿನ ಓದುಗಿ

ಬರೆಯುತ್ತಿದ್ದೇನೆ, ಸ್ವಂತದ್ದೇ. ಆ ಪದದ ಹತ್ತಿರವೇ ಸಿಕ್ಕಿಹಾಕಿಕೊಂಡಿದ್ದೇನೆ. ‘ಕುಲ’ ಎಂದರೆ ಜಾತಿಯ ವಾಸನೆ ಬರುತ್ತದೆ. ‘ವಂಶ’ದಲ್ಲಿ ರಕ್ತ ಮಾತ್ರ, ಒಕ್ಕಲುಗಳಿಗೆ ಜಾಗವಿಲ್ಲ. ‘ಬಣ’ ಎಂದರೆ ಚುನಾವಣೆ ನೆನಪಾಗುತ್ತದೆ. ಮೇಷ್ಟ್ರು ಕ್ಲಾನ್ ಎಂದರೆ ಮಕ್ಕಳು ಎಂದದ್ದನ್ನು ಓದಿದಾಗ ನಮ್ಮ ‘ಒಕ್ಕಲ ಮಕ್ಕಳು’ ನೆನಪಾಯಿತು. ಅದೇ ಹತ್ತಿರ ಬಂದದ್ದು. ಆದರೆ ಒಡೆಯನೂ ಆ ಮಾತಿನೊಳಗೆ ಸೇರುವುದಿಲ್ಲವಲ್ಲ.

ಗ್ಲಾಸ್ಗೋ ಕನ್ನಡಿಗ

ನಿಮಗೆ ಒಂದು ಮಾತು ಕೊಡುತ್ತೇನೆ. ಇಲ್ಲಿ ಸಂಜೆ ತರಗತಿಯಲ್ಲಿ ಗೇಲಿಕ್ ಕಲಿಯುತ್ತಿದ್ದೇನೆ. ದ್ವೀಪಗಳ ಕಡೆ ಹಿರಿಯರು ಗುರುತಿಲ್ಲದ ಹುಡುಗ ಹುಡುಗಿಯರನ್ನು ‘ಕೋ ಲೆಶ್ ಊ’ ಎಂದು ಕೇಳುತ್ತಾರೆ. ನಿನ್ನ ಹೆಸರೇನು ಎಂದಲ್ಲ. ನೀನು ಯಾರಿಗೆ ಸೇರಿದವಳು ಎಂದು.

ಮಲೆನಾಡಿನ ಓದುಗಿ

‘ನೀನು ಯಾರ ಮನೆಯವಳು?’

ಬಸ್ಸಿನಲ್ಲಿ ಪಕ್ಕ ಕುಳಿತ ಅಜ್ಜಿಯರು ನನ್ನನ್ನು ಇವತ್ತಿಗೂ ಕೇಳುವುದು ಇದನ್ನೇ. ಹೆಸರು ಕೇಳುವುದು ಆಮೇಲೆ, ಕೆಲವರು ಕೇಳುವುದೇ ಇಲ್ಲ. ಹಾಗಾದರೆ ಆ ಪದದ ಗೊಡವೆಯೇ ನನಗೆ ಬೇಡ. ಹಜಾರದ ಬಾಗಿಲಲ್ಲಿ ನಿಂತವಳನ್ನು ಮಗ ಸತ್ತ ಮುದುಕಿ ಈ ಪ್ರಶ್ನೆ ಕೇಳುತ್ತಾಳೆ. ಅವಳಿಗೆ ಭಾಷೆ ತಿಳಿಯದು, ಗಂಡನ ಮುಖ ನೋಡುತ್ತಾಳೆ. ಅವನು ಅವಳ ಪರವಾಗಿ ಉತ್ತರ ಕೊಡಬೇಕೋ ಬೇಡವೋ ಎಂಬಲ್ಲಿಗೆ ಇವತ್ತು ರಾತ್ರಿ ನಿಲ್ಲಿಸಿದ್ದೇನೆ.

ಹುಬ್ಬಳ್ಳಿಯ ಓದುಗಿ

ಅವನು ಕೊಡುವುದು ಬೇಡ. ಅವಳು ಭಾಷೆ ಕಲಿಯುವವರೆಗೆ ಆ ಮುದುಕಿ ಕಾಯಲಿ. ಮೊದಲ ಅಧ್ಯಾಯ ಆದ ಕೂಡಲೇ ಇಲ್ಲಿ ಹಾಕಿ, ಓದುತ್ತೇನೆ.